ಎಸ್‌ಪ್ರೆಸೊ ಮಷಿನ್ ಮುಟ್ಟಿದ್ರ ಜುಮ್ ಅಂತದ, ಹಿಡಿಕಿ ತಿರುವಿದ್ರ ಪುಡಿ ಸಿಡೀತದ: ಎಲ್ಲಿಂದ ಶುರು ಮಾಡ್ಲಿ?

ಸಪ್ತಾಪುರ_ಡಿಕಾಕ್ಷನ್, ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಒಂದು ಸಣ್ಣ ಎಸ್‌ಪ್ರೆಸೊ ಮಷಿನ್ (ಒತ್ತಡ ಹಾಕಿ ಕಾಫಿ ಇಳಿಸೋದು) ಅದ, ಜರ್ಮನಿಯಿಂದ ಬಂದದ್ದು. ವಾಪರಸ್ಲಿಕ್ಕೆ ಹತ್ತಿ ಎಂಟು ತಿಂಗಳಾತು. 230 ವೋಲ್ಟ್, 1350 ವ್ಯಾಟ್, 15 ಬಾರ್ ಒತ್ತಡದ ಪಂಪು, ಒಂದೇ ಬಾಯ್ಲರ್. ಪೋರ್ಟಾಫಿಲ್ಟರ್ (ಪುಡಿ ಹಿಡಿಯೋ ಹಿಡಿಕಿ) 51 ಮಿ.ಮೀ., ಬಾಸ್ಕೆಟ್ (ಅದರೊಳಗಿನ ಪುಡಿ ಬಟ್ಟಲು) ಎರಡು ತಳದ್ದು, ಹೊರಗಿನ ತಳಕ್ಕ ಸೂಜಿಮೊನಿಯಂಥ ಒಂದೇ ತೂತು. ಪ್ಲಗ್ಗಿಗೆ ಎರಡು ದುಂಡನ ಕಡ್ಡಿ; ಅಡಗಿಮನಿ ಕಟ್ಟಿ ಮ್ಯಾಲಿನ ಮಿಕ್ಸಿ ಪಾಯಿಂಟಿಗೆ ಹಂಗೇ ಕೂಡ್ತದ, ಅಡಾಪ್ಟರ್ ಹಾಕಿಲ್ಲ. ನೀರು ಬೋರಿಂದು, ನಳ ಬಂದ ದಿನ ನಳದ್ದು. ಪುಡಿ ಪ್ಯಾಟಿಯೊಳಗಿನ ಫಿಲ್ಟರ್ ಕಾಫಿ ಪುಡಿ, ಚಿಕೋರಿ ನೂರಕ್ಕ 30.

ಈಗಿನ ಪರಿಸ್ಥಿತಿ ಹಿಂಗದ:

ಒಂದು, ಹಸಿ ಕೈಲೆ ಸ್ಟೀಲ್ ಮೈ ಮುಟ್ಟಿದ್ರ ಜುಮ್ ಅಂತದ. ಎರಡು, ಮೊದ್ಲ 25 ಸೆಕೆಂಡಿಗೆ ಬರೋ ಕಾಫಿ ಈಗ ಹನಿಹನಿ, ಒಂದು ನಿಮಿಷಕ್ಕೂ ಕಪ್ಪು ತುಂಬಂಗಿಲ್ಲ, ಪಂಪಿನ ಸಪ್ಪಳ ಭಾರ ಆಗೇದ. ಮೂರು, ಕಾಫಿ ಇಳಿಸಿ ಹಿಡಿಕಿ ತಿರುವಿದ್ರ ಫಟ್ ಅಂತ ಸಿಡಿದು ಬಿಸಿ ಪುಡಿ ಗ್ವಾಡಿ ತನಕ ಹೋಗ್ತದ.

ತೂತಿಲ್ಲದ ಬಾಸ್ಕೆಟ್ ಹಾಕಿ ಬ್ಯಾಕ್‌ಫ್ಲಶ್ (ನೀರು ಹಿಂದಕ್ಕ ತಳ್ಳಿ ಒಳಗ ತೊಳಿಯೋದು) ಮಾಡೋ ವಿಡಿಯೊ ನೋಡೇನಿ. ಅದನ್ನ ಮಾಡಿ, ಆಮ್ಯಾಲೆ ವಿನೆಗರ್ ಹಾಕಿ ಸುಣ್ಣ ತಗೀಬೇಕು ಅಂತ ವಿಚಾರ. ಸರಿ ಆಗ್ತದೇನ್ರಿ?

ಗೋಕುಲರೋಡ್_ವೈಂಡರ್, ಹುಬ್ಬಳ್ಳಿ

ಮೊದ್ಲ ಪ್ಲಗ್ ಕೀಳ್ರಿ. ಕಾಫಿ, ಸುಣ್ಣ, ವಿನೆಗರ್ ಎಲ್ಲಾ ಆಮ್ಯಾಲೆ.

ಜರ್ಮನಿ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ ಅಂತಲ್ಲ, ಅದ. ಆದ್ರ ಅದು ಕಡ್ಡಿ ರೂಪದಾಗ ಇಲ್ಲ. ಪ್ಲಗ್ಗಿನ ದುಂಡನ ಮೈಗೆ ಆ ಕಡೆ ಈ ಕಡೆ ಸಣ್ಣ ಲೋಹದ ಪಟ್ಟಿ ಕಾಣ್ತಾವಲ್ಲ, ಅವೇ ಅರ್ಥ್. ಅಲ್ಲಿನ ಸಾಕೆಟ್ ಕುಣಿ ಇದ್ದಂಗ ಇರ್ತದ, ಅದರ ಬದಿಗೆ ಇರೋ ಸ್ಪ್ರಿಂಗ್ ಪಟ್ಟಿ ಇವನ್ನ ಹಿಡ್ಕೋತಾವು. ನಮ್ಮ ಸಾಕೆಟ್ ಮುಖ ಸಪಾಟು, ಅರ್ಥ್ ಇರೋದು ಮ್ಯಾಲಿನ ದೊಡ್ಡ ತೂತಿನ್ಯಾಗ. ನಿಮ್ಮ ಪ್ಲಗ್ ಆ ತೂತಿನ ಗೊಡವಿಗೇ ಹೋಗಿಲ್ಲ. ಕೂಡ್ತದ, ಮಷಿನ್ ಹತ್ತತದ, ಅದಕ್ಕ ಎಲ್ಲಾ ಸರಿ ಅದ ಅಂತ ಅನಸ್ತದ. ಎಂಟು ತಿಂಗಳು ನೀರು, ಉಗಿ, 1350 ವ್ಯಾಟಿನ ಹೀಟರ್ ಮೂರೂ ಇರೋ ಲೋಹದ ಡಬ್ಬಿ ಅರ್ಥಿಂಗ್ ಇಲ್ಲದ ನಡದದ. ಅಷ್ಟಲ್ಲದ ಆ ಕಡ್ಡಿ 4.8 ಮಿ.ಮೀ. ದಪ್ಪ, ನಮ್ಮ 6 ಆಂಪ್ ಪ್ಲಗ್ಗಿನ ಕಡ್ಡಿ 5 ಮಿ.ಮೀ.ಗಿಂತ ಒಂದು ಕೂದಲೆಳಿ ಹೆಚ್ಚು. ಸಡ್ಲ ಕೂತು ಕಿಡಿ ಹೊಡದು ಸಾಕೆಟ್ ಕಂದು ಬಣ್ಣಕ್ಕ ತಿರುಗತದ. ನಿಮ್ಮದು ತಿರುಗೇದೇನ್ ನೋಡ್ರಿ.

ಜುಮ್ ಅನ್ನೋದಕ್ಕ ಎರಡು ಕಾರಣ ಇರಬಹುದು. ಎಲೆಕ್ಟ್ರಾನಿಕ್ ಬೋರ್ಡ್ ಇರೋ ಮಷಿನ್ನಿಗೆ ಒಳಬರೋ ಲೈನಿನ ಮ್ಯಾಲೆ ಫಿಲ್ಟರ್ ಕೆಪಾಸಿಟರ್ (ಲೈನಿನ ಗದ್ದಲ ಸೋಸೋ ಸಣ್ಣ ಬಿಡಿಭಾಗ) ಇರ್ತಾವು. ಅರ್ಥ್ ಸಿಗದಿದ್ರ ಅವು ಬಾಡಿಯನ್ನ ಅರ್ಧ ವೋಲ್ಟೇಜಿನ ಸುತ್ತ, ಅಂದ್ರ 115ರ ಆಸುಪಾಸು ತಂದಿಡ್ತಾವು. ಹರಿಯೋ ಕರೆಂಟ್ ಭಾಳ ಕಡಿಮಿ, ಚುರುಚುರು ಅಂತದ ಅಷ್ಟ. ಇನ್ನೊಂದು ಕಾರಣ ಜೀವಕ್ಕ ಬರೋದು: ನೀರು ಕಾಯಿಸೋ ಎಲಿಮೆಂಟಿನ ಹೊರಕೊಳವಿ ಸೀಳಿ ಒಳಗಿನ ಇನ್ಸುಲೇಶನ್ ಪುಡಿಗೆ ತೇವ ಹೊಕ್ಕಿರೋದು. ಕೈಗೆ ಎರಡೂ ಒಂದೇ ಥರ. ಟೆಸ್ಟರಿನ ದೀಪನೂ ಎರಡಕ್ಕೂ ಹತ್ತತದ. ಹಂಗಾಗಿ ಬಲ್ಲ ಇಲೆಕ್ಟ್ರಿಶಿಯನ್ ಕರೆಸಿ ಇಷ್ಟು ಮಾಡಸ್ರಿ.

ಮಷಿನ್ ಬಿಚ್ಚಬ್ಯಾಡ್ರಿ, ಮೊದ್ಲ ಸಾಕೆಟ್ ನೋಡಸ್ರಿ. ಫೇಸ್ ಮತ್ತು ಅರ್ಥ್ ನಡುವ ಮೀಟರ್ ಹಿಡಿದ್ರ ಫೇಸ್-ನ್ಯೂಟ್ರಲ್‌ನಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವ ಎರಡ್ಮೂರು ವೋಲ್ಟ್ ಇದ್ರ ನಡೀತದ, ಐದರ ಮ್ಯಾಲೆ ಹೋದ್ರ ಅರ್ಥಿಂಗ್ ಸಂಶಯದ್ದು. ಮೂರನೇ ತೂತು ಇದ್ದ ಮಾತ್ರಕ್ಕ ಅದಕ್ಕ ತಂತಿ ಬಂದಿರ್ತದ ಅಂತ ನಂಬಬ್ಯಾಡ್ರಿ. ಹಳೇ ಮನಿಗಳೊಳಗ ಆ ತೂತು ಬರೇ ಶೋಕಿಗೆ ಇರ್ತದ.

ಆಮ್ಯಾಲೆ ಆ ಪ್ಲಗ್ ಕತ್ತರಿಸಿ 16 ಆಂಪಿನ ಮೂರು ಕಡ್ಡಿ ಪ್ಲಗ್ ಹಾಕಸ್ರಿ, ಐಎಸ್ಐ ಗುರ್ತಿಂದು. ಹಸಿರು-ಹಳದಿ ಪಟ್ಟಿ ತಂತಿ ಮ್ಯಾಲಿನ ದಪ್ಪ ಕಡ್ಡಿಗೆ, ಕಂದು ಫೇಸಿಗೆ, ನೀಲಿ ನ್ಯೂಟ್ರಲ್ಲಿಗೆ. ಸಾಕೆಟ್ಟಿನ ಎದುರು ನಿಂತ್ರ ಫೇಸ್ ಬಲಕ್ಕ ಇರ್ತದ. ಪ್ಲಗ್ಗಿನೊಳಗ ಅರ್ಥ್ ತಂತಿ ಉಳಿದೆರಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಡಬೇಕು. ವೈರ್ ಜಗ್ಗಿದ್ರ ಅದು ಕಡೀಗೆ ಕೀಳಬೇಕು, ಮೊದ್ಲ ಅಲ್ಲ.

ಮಿಕ್ಸಿ ಪಾಯಿಂಟ್ ಯಾಕ್ ಬ್ಯಾಡ ಅಂದ್ರ, 1350 ವ್ಯಾಟ್ 230 ವೋಲ್ಟಿಗೆ 5.9 ಆಂಪ್ ಆತು. ರಾತ್ರಿ ಹೊತ್ತು ವೋಲ್ಟೇಜ್ 245ಕ್ಕ ಏರಿದ್ರ ಅದೇ ಎಲಿಮೆಂಟ್ 6.25 ಆಂಪ್ ಎಳೀತದ. 6 ಆಂಪಿನ ಸಾಕೆಟ್ಟಿಗೆ ಉಸಿರಾಡಲಿಕ್ಕೂ ಜಾಗ ಉಳಿಯಂಗಿಲ್ಲ. ಎಕ್ಸ್‌ಟೆನ್ಶನ್ ಬೋರ್ಡಿನ ಮಾತಂತೂ ಬ್ಯಾಡೇ ಬ್ಯಾಡ. ಮನಿ ಇನ್ವರ್ಟರ್ 900 ವಿಎ ಇದ್ರ ಇದನ್ನ ಎಳಿಯಂಗಿಲ್ಲ, ಆ ಪಾಯಿಂಟಿಗೆ ಹಾಕಬ್ಯಾಡ್ರಿ.

ಕಡೀಗೆ 500 ವೋಲ್ಟ್ ಮೆಗ್ಗರ್ ಹಚ್ಚಿ ಎಲಿಮೆಂಟಿಗೂ ಬಾಡಿಗೂ ನಡುವಿನ ಇನ್ಸುಲೇಶನ್ ನೋಡಬೇಕು. 1 ಮೆಗಾಓಮ್‌ಗಿಂತ ಕೆಳಗ ಇದ್ರ ಆ ಎಲಿಮೆಂಟ್ ತಗದು ಒಗೀರಿ, ಛಲೋ ಇದ್ದದ್ದು ಹತ್ತಾರು ತೋರಸ್ತದ. ಎಲಿಮೆಂಟಿನ ಎರಡು ತುದಿ ನಡುವ 39-40 ಓಮ್ ಬರಬೇಕು. ಮನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಕಡಿಯೋ ಸ್ವಿಚ್) ಇರಲಿಲ್ಲಾಂದ್ರ ಇದೇ ನೆಪಕ್ಕ ಹಾಕಸ್ರಿ. ಅದು ಟ್ರಿಪ್ ಆಗ್ತದಂತ ಅರ್ಥ್ ತಂತಿ ಕಿತ್ತು ಮಷಿನ್ ನಡಸೋ ಶ್ಯಾಣ್ಯಾತನ ಮಾತ್ರ ಯಾರೂ ಮಾಡಬ್ಯಾಡ್ರಿ. ಥರ್ಮಲ್ ಫ್ಯೂಸ್ ಸುಟ್ಟಾಗ ಅಲ್ಲಿ ಬರೇ ತಂತಿ ಸುತ್ತೋದೂ ಅದೇ ಜಾತಿದು. ಥರ್ಮೋಸ್ಟಾಟ್ (ಕಾವು ಹಿಡಿತದಾಗಿಡೋ ಸ್ವಿಚ್) ಅಂಟಿಕೊಂಡು ಬಾಯ್ಲರ್ ಒಣಗಿ ಕೆಂಪಗಾಗೋ ಮುಂಚೆ ಕಡಿಯೋ ಕಡೀ ಕಾವಲುಗಾರ ಅದು.

ಯಾಲಕ್ಕಿ_ಹಾವೇರಿ

ವೈಂಡರ್ ಅವರು ಹೇಳಿದ್ದು ಮುಗಿಯುವವರೆಗೆ ಮಷಿನ್ ಹಚ್ಚಬೇಡಿ. ಮುಗಿದ ಮೇಲೆ ಸಿಡಿತದ ವಿಷಯ.

ನಿಮ್ಮ ಸಿಡಿತಕ್ಕೆ ಅರ್ಧ ಕಾರಣ ಪುಡಿಯಲ್ಲೇ ಇದೆ. ಚಿಕೋರಿ ಬೀಜವಲ್ಲ, ಬೇರು. ಹುರಿದ ಬೇರಿನ ಬಹುಭಾಗ ಬಿಸಿನೀರಿನಲ್ಲಿ ಕರಗಿ ಅಂಟಾಗುತ್ತದೆ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಅದು ಗುಣ: ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತದೆ. ಒತ್ತಡ ಹಾಕುವ ಮಷಿನ್ನಿನಲ್ಲಿ ಅದೇ ಅಂಟು ಬಾಸ್ಕೆಟ್ಟಿನ ತೂತು ಕಟ್ಟುತ್ತದೆ. ಎರಡು ತಳದ ಬಾಸ್ಕೆಟ್ಟಿಗೆ ಹೊರದಾರಿ ಒಂದೇ ತೂತು. ಅದು ಅರ್ಧ ಮುಚ್ಚಿದರೂ ಸಾಕು, ಪಂಪು ತಳ್ಳಿದ ನೀರು ಪುಡಿಯ ಬಿಲ್ಲೆಯ ಮೇಲೆ ಒತ್ತಡದಲ್ಲೇ ನಿಲ್ಲುತ್ತದೆ. ನೀವು ಸ್ವಿಚ್ ಆರಿಸಿದಿರಿ, ಸಪ್ಪಳ ನಿಂತಿತು, ಒತ್ತಡ ನಿಲ್ಲಲಿಲ್ಲ. ಹಿಡಿಕೆ ತಿರುಗಿಸಿದ ಕೂಡಲೇ ಅದು ಬದಿಯಿಂದ ದಾರಿ ಹುಡುಕುತ್ತದೆ.

ಬಾಸ್ಕೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಳತಳದ ತೂತುಗಳೆಲ್ಲ ಚುಕ್ಕಿಚುಕ್ಕಿಯಾಗಿ ಹೊಳೆಯಬೇಕು. ಹೊರಗಿನ ಒಂಟಿ ತೂತಿಗೆ ನಲ್ಲಿಯ ನೀರು ಹಿಡಿದರೆ ಎಳೆಯಂತೆ ಧಾರೆ ಬರಬೇಕು. ಬರದಿದ್ದರೆ ಕುದಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಮಷಿನ್ ಜೊತೆ ಬಂದ ಸಣ್ಣ ತಂತಿಯಿಂದ ಬಿಡಿಸಿ. ಹೊಲಿಗೆ ಸೂಜಿ ತುರುಕಬೇಡಿ, ತೂತು ಅಗಲವಾದರೆ ಒತ್ತಡವೇ ನಿಲ್ಲುವುದಿಲ್ಲ, ಕಾಫಿ ಬಣ್ಣದ ನೀರು ಬರುತ್ತದೆ.

ಪುಡಿ ಚಿಕೋರಿ ಇಲ್ಲದ್ದೇ ಬೇಕು. ಚಿಕ್ಕಮಗಳೂರು, ಕೊಡಗಿನ ಬೀಜ ಈಗ ಸಣ್ಣ ಪೊಟ್ಟಣದಲ್ಲೂ ಸಿಗುತ್ತದೆ, ಹುರಿದ ತಾರೀಖು ನೋಡಿ ತನ್ನಿ. 51 ಮಿ.ಮೀ. ಡಬಲ್ ಬಾಸ್ಕೆಟ್ಟಿಗೆ 14 ಗ್ರಾಂ ಸಾಕು. 18 ಗ್ರಾಂ ಎನ್ನುವ ಲೆಕ್ಕ 58 ಮಿ.ಮೀ.ನವರದು, ಅದನ್ನು ನಿಮ್ಮದಕ್ಕೆ ತುಂಬಿದರೆ ಪುಡಿ ಉಬ್ಬಿ ಮೇಲಿನ ಜಾಲರಿಗೆ ಒತ್ತಿ ಕೂರುತ್ತದೆ. ಎರಡು ತಳದ ಬಾಸ್ಕೆಟ್ಟಿಗೆ ಪುಡಿ ತೀರಾ ನುಣ್ಣಗೂ ಬೇಡ, ಜೋರಾಗಿ ಒತ್ತುವುದೂ ಬೇಡ, ಮಟ್ಟಸವಾಗಿ ಅದುಮಿದರೆ ಆಯಿತು. 14 ಗ್ರಾಂ ಪುಡಿಗೆ 28 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಕಪ್ಪನ್ನು ತಕ್ಕಡಿ ಮೇಲಿಟ್ಟು ನೋಡಿ; ನೊರೆ ಕಣ್ಣಿಗೆ ಮೋಸ ಮಾಡುತ್ತದೆ.

ತೆಗೆಯುವ ಕ್ರಮ ಹೀಗೆ. ಪಂಪು ಆರಿಸಿದ ಮೇಲೆ ಮೂತಿಯಿಂದ ಹನಿ ನಿಲ್ಲುವವರೆಗೆ, ಕನಿಷ್ಠ ಒಂದು ನಿಮಿಷ, ಕೈ ಹಚ್ಚಬೇಡಿ. ಆಮೇಲೆ ಹಿಡಿಕೆಯನ್ನು ಒಂದು ಬೆರಳಿನಷ್ಟು ಮಾತ್ರ ತಿರುಗಿಸಿ ನಿಲ್ಲಿ. ಸುಯ್ ಎಂದರೆ ಅಲ್ಲೇ ಬಿಡಿ, ಇನ್ನೂ ಒಳಗಿದೆ. ಕಾಫಿ ಬರಲೇ ಇಲ್ಲ, ಪಂಪು ಮಾತ್ರ ಗುರ್ ಎಂದಿತು ಎನ್ನುವಾಗ ಇನ್ನೂ ಹುಷಾರು: ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಅರ್ಧ ಮುಕ್ಕಾಲು ಗಂಟೆ ಆರಲು ಬಿಡಿ. ನಂತರ ಹಿಡಿಕೆ ಮತ್ತು ಗ್ರೂಪ್ ಹೆಡ್ (ಹಿಡಿಕೆ ಸಿಗಿಸುವ ಮಷಿನ್ನಿನ ಬಾಯಿ) ಎರಡರ ಮೇಲೂ ಹಸಿ ದಪ್ಪ ಬಟ್ಟೆ ಮುಚ್ಚಿ, ಮುಖ ದೂರ ಇಟ್ಟು ತಿರುಗಿಸಿ. ಸ್ಟೀಮ್ ಗುಂಡಿ ತಿರುಗಿಸಿದರೆ ಒತ್ತಡ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬಾಯ್ಲರಿನದು ಹೋಗುತ್ತದೆ ನಿಜ. ಆದರೆ ಹಲವು ಮಷಿನ್ನುಗಳಲ್ಲಿ ಬಾಯ್ಲರಿಗೂ ಪುಡಿಗೂ ನಡುವೆ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಅದರ ಈಚೆಗೆ ಸಿಕ್ಕ ಒತ್ತಡಕ್ಕೆ ಪುಡಿಯೊಳಗಿಂದ ಸೋರುವುದೊಂದೇ ದಾರಿ.

ಹಾಲು ಕಾಯಿಸಿದ ಕೂಡಲೇ ಕಾಫಿ ಇಳಿಸುತ್ತೀರೇನು? ಒಂದೇ ಬಾಯ್ಲರ್ ಆದ್ದರಿಂದ ಆಗ ಒಳಗೆ ನೂರರ ಮೇಲೆ ಎಷ್ಟೋ ಡಿಗ್ರಿ ಇರುತ್ತದೆ. ನೀರು ಪುಡಿ ಮುಟ್ಟಿದೊಡನೆ ಉಗಿಯಾಗಿ ಚಿಮ್ಮುತ್ತದೆ. ಸ್ಟೀಮ್ ಸ್ವಿಚ್ ಆರಿಸಿ, ಕೊಳವೆ ಕೆಳಗೆ ಲೋಟ ಹಿಡಿದು, ಪಂಪು ಹಚ್ಚಿ 100-150 ಮಿಲಿ ನೀರು ಬಿಡಿ. ಮೊದಲು ಉಗಿ ಉಗುಳುತ್ತದೆ, ಆಮೇಲೆ ನೀರು ಸದ್ದಿಲ್ಲದೆ ಒಂದೇ ಧಾರೆಯಾಗುತ್ತದೆ. ಅಲ್ಲಿಗೆ ತಂಪಾಯಿತು, ಬಾಯ್ಲರೂ ತುಂಬಿತು. ಇದನ್ನು ಬಿಟ್ಟರೆ ಮುಂದಿನ ಸಲ ಎಲಿಮೆಂಟ್ ಅರ್ಧ ಒಣಗಿದ ಬಾಯ್ಲರಿನಲ್ಲಿ ಕಾಯುತ್ತದೆ.

ಬೆಟಗೇರಿ_ಹನಿಲೆಕ್ಕ, ಗದಗ

ನೀರಿನ ಮಾತು ನನಗಿರಲಿ.

ಹುಬ್ಬಳ್ಳಿ-ಧಾರವಾಡದ ನಳಕ್ಕ ಬರೋದು ಮಲಪ್ರಭಾ ನೀರು, ಸವದತ್ತಿ ಹತ್ತಿರದ ರೇಣುಕಾಸಾಗರದಿಂದ. ಹುಬ್ಬಳ್ಳಿಗೆ ನೀರಸಾಗರದ್ದೂ ಅದ. ನಮಗ, ಹಾವೇರಿಯವರಿಗೆ ತುಂಗಭದ್ರಾ. ಹೊಳಿ ನೀರಿಗೂ ಬೋರ್ ನೀರಿಗೂ ಆಕಾಶ-ಭೂಮಿ ಫರಕು. ಬೋರ್ ನೀರು ಕಲ್ಲಿನೊಳಗ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಕುಡದು ಬಂದಿರ್ತದ. ಸಕ್ಕರಿ ಬಿಸಿ ನೀರಿನ್ಯಾಗ ಹೆಚ್ಚು ಕರಗತದ, ಸುಣ್ಣದ್ದು ಉಲ್ಟಾ. ಕಾದಷ್ಟೂ ಹೊರಗ ಬಂದು ಕೂಡ್ತದ. ಮಷಿನ್ನಿನ್ಯಾಗ ಅತೀ ಬಿಸಿ ಜಾಗ ಯಾವುದು? ಎಲಿಮೆಂಟ್. ಅಲ್ಲೇ ಮೊದ್ಲ ಕಟ್ಟತದ. ಆ ಪದರ ಶಾಖ ದಾಟಗೊಡಂಗಿಲ್ಲ, ನೀರು ತಂಪು, ಎಲಿಮೆಂಟ್ ಸುಡುಸುಡು, ಕಡೀಗೆ ಕೊಳವಿ ಸೀಳತದ. ವೈಂಡರ್ ಸಾಹೇಬ್ರು ಹೇಳಿದ ಎರಡನೇ ಕಾರಣ ಹುಟ್ಟೋದು ಹಿಂಗ.

ಟಿಡಿಎಸ್ ಮೀಟರ್ ನಂಬಿ ಕೂಡಬ್ಯಾಡ್ರಿ. ಅದು ಉಪ್ಪೋ ಸುಣ್ಣೋ ಬೇರೆ ಮಾಡಂಗಿಲ್ಲ, ಒಟ್ಟು ಹೇಳ್ತದ. ಬೇಕಾದದ್ದು ಗಡಸುತನದ ಕಿಟ್. ಮೀನಿನ ತೊಟ್ಟಿ ಸಾಮಾನು ಮಾರೋ ಅಂಗಡಿಯೊಳಗ ಜಿಎಚ್ ಕಿಟ್ ಅಂತ ಸಿಗ್ತದ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಾಡಿಸ್ತಾ ಹೋಗ್ರಿ. ಬಣ್ಣ ಬದಲಾದ ಹನಿ ಎಷ್ಟನೇದು ಅದಕ್ಕ 17.8ರಿಂದ ಗುಣಿಸಿದ್ರ ಪಿಪಿಎಂ (ಲೀಟರಿಗೆ ಎಷ್ಟು ಮಿಲಿಗ್ರಾಂ) ಲೆಕ್ಕದಾಗ ಗಡಸುತನ. ಮಷಿನ್ನಿಗೆ 50ರಿಂದ 80 ಇದ್ರ ಛಲೋ. 100 ದಾಟಿದ್ರ ಸುಣ್ಣ ತಗಿಯೋ ಕೆಲಸ ಬೆನ್ನು ಹತ್ತತದ.

ಹಂಗಂತ ಬರೇ ಆರ್‌ಒ ನೀರೂ ಹಾಕಬ್ಯಾಡ್ರಿ. ಕಾಫಿ ಚಪ್ಪೆ, ಹುಳಿ ಎದ್ದು ಕಾಣ್ತದ; ನೀರಿನ ಮಟ್ಟವನ್ನ ಕರೆಂಟ್ ಹರಿಸಿ ತಿಳಿಯೋ ಮಷಿನ್ ಇದ್ರ ಟ್ಯಾಂಕ್ ತುಂಬಿದ್ರೂ ಖಾಲಿ ಅಂತದ. ಆರ್‌ಒ ಮತ್ತು ನಳದ ನೀರು ಬೆರಸ್ರಿ, ಬೋರ್ ನೀರು ಬಿಟ್ಟೇ ಬಿಡ್ರಿ. ಕುದಿಸಿ ಆರಿಸಿದ್ರ ಬೋರ್ ನೀರಿನ ಒಂದು ಪಾಲು ಸುಣ್ಣ ತಳಕ್ಕ ಕೂಡ್ತದ ಖರೇ, ಆದ್ರ ಸಲ್ಫೇಟ್, ಕ್ಲೋರೈಡ್ ರೂಪದ್ದು ಉಳಿದೇ ಉಳೀತದ. ಕ್ಲೋರೈಡ್ ಹೆಚ್ಚಿದ್ರ ಸ್ಟೀಲಿಗೂ ಚುಕ್ಕಿ ಚುಕ್ಕಿ ತುಕ್ಕು ಬರ್ತದ.

ಇನ್ನ ಸುಣ್ಣ ತಗಿಯೋದು. ವಿನೆಗರ್ ಬ್ಯಾಡ. ವಾಸನಿ ರಬ್ಬರಿನೊಳಗ ಕೂತುಬಿಡ್ತದ, ವಾರಗಟ್ಟಲೆ ಕಾಫಿಗೆ ಉಪ್ಪಿನಕಾಯಿ ಘಮ. ಸಿಟ್ರಿಕ್ ಆಸಿಡ್ ತಗೊಳ್ರಿ, ಕಿರಾಣಿ ಅಂಗಡಿಯೊಳಗ ನಿಂಬೆ ಉಪ್ಪು ಅಂತಾರ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 20 ಗ್ರಾಂ, ತೂಕ ಮಾಡಿ. ಹೆಚ್ಚು ಹಾಕಿದ್ರ ಬೇಗ ಆಗ್ತದಂತ 50-60 ಸುರಿದು ಕುದಿಸೋರು ಇದ್ದಾರ. ಬಿಸಿ ಮತ್ತು ಗಟ್ಟಿ ಎರಡೂ ಕೂಡಿದ್ರ ಕ್ಯಾಲ್ಸಿಯಂ ಸಿಟ್ರೇಟ್ ಅಂತ ಇನ್ನೊಂದು ಬಿಳಿ ಗಸಿ ಕಟ್ಟತದ, ಅದನ್ನ ಬಿಡಿಸೋದು ಸುಣ್ಣಕ್ಕಿಂತ ತ್ರಾಸ.

ಶುರು ಮಾಡೋ ಮುಂಚೆ ಒಂದು ಅಳತಿ ತಗೊಳ್ರಿ: ಪೋರ್ಟಾಫಿಲ್ಟರ್ ಇಲ್ಲದ ಪಂಪು 30 ಸೆಕೆಂಡ್ ಹಚ್ಚಿ ಎಷ್ಟು ಮಿಲಿ ಬಂತು ಬರದಿಡ್ರಿ. ಇಲ್ಲಿ ಧಾರಿ ಜೋರಿದ್ದು ಪೋರ್ಟಾಫಿಲ್ಟರ್ ಹಾಕಿದಾಗ ಮಾತ್ರ ಹನಿ ಆದ್ರ ತಪ್ಪು ಪುಡಿದು, ಬಾಸ್ಕೆಟ್ಟಿಂದು. ಇಲ್ಲೇ ಸಣ್ಣಾಗಿ ಸೊಟ್ಟ ಬಿದ್ರ ಒಳಗ ಸುಣ್ಣ.

ಟ್ಯಾಂಕಿನ ಸೋಸು ಫಿಲ್ಟರ್ ಇದ್ರ ತಗೀರಿ. ಹುಳಿ ನೀರು ತುಂಬ್ರಿ. ಮಷಿನ್ ಹಚ್ಚಿ, ಸ್ಟೀಮ್ ಮೋಡಿಗೆ ಹಾಕದ, 100 ಮಿಲಿ ಗ್ರೂಪಿನಿಂದ, 100 ಮಿಲಿ ಸ್ಟೀಮ್ ಕೊಳವಿಯಿಂದ ಬಿಡ್ರಿ. ಆರಿಸಿ 15 ನಿಮಿಷ ತಡೀರಿ. ಮತ್ತ ಅಷ್ಟೇ ಬಿಡ್ರಿ, ಮತ್ತ ತಡೀರಿ. ಟ್ಯಾಂಕ್ ಮುಗಿಯೋತನಕ ಹಿಂಗ. ಪಂಪನ್ನ ಒಮ್ಮೆಗೆ ಒಂದು ನಿಮಿಷದ ಮ್ಯಾಲೆ ಓಡಸಬ್ಯಾಡ್ರಿ, ನಡುವ ಅಷ್ಟೇ ಹೊತ್ತು ದಮ್ ಕೊಡ್ರಿ. ಈ ಕಂಪನದ ಪಂಪು ಬಿಡುವಿಲ್ಲದ ಓಡ್ಲಿಕ್ಕೆ ಮಾಡಿದ್ದಲ್ಲ, ಸುರುಳಿ ಕಾದು ಸುಡ್ತದ. ಹೊರಗ ಬಂದ ನೀರು ಹಸಿರು-ನೀಲಿ ಛಾಯಾ ತೋರಿಸಿದ್ರ ಒಳಗ ತಾಮ್ರ ಕರಗಲಿಕ್ಕೆ ಹತ್ತೇದ, ತಕ್ಷಣ ನಿಲ್ಲಿಸಿ ಶುದ್ಧ ನೀರು ಬಿಡ್ರಿ. ಬಾಯ್ಲರ್ ಅಲ್ಯುಮಿನಿಯಂ ಇರಬಹುದು, ಹಂಗಾಗಿ ರಾತ್ರಿಯಿಡೀ ಹುಳಿ ನೀರು ಬಿಟ್ಟು ಮಲಗೋ ಪದ್ಧತಿ ಬ್ಯಾಡ. ಕಡೀಗೆ ಎರಡು ಟ್ಯಾಂಕ್ ಸ್ವಚ್ಛ ನೀರು, ಅರ್ಧ ಗ್ರೂಪಿನಿಂದ, ಅರ್ಧ ಕೊಳವಿಯಿಂದ. ನೀಲಿ ಲಿಟ್ಮಸ್ ಕೆಂಪಾಗದಿದ್ರ ಹುಳಿ ಹೋಗೇದ.

ಬಿಡಿಸಿದ ಹಕ್ಕಳಿ ಚೂರು ಹೋಗಿ ಮ್ಯಾಲಿನ ಜಾಲರಿಗೆ ಸಿಗೋದು ಸಾಮಾನ್ಯ. ಮಷಿನ್ ಪೂರಾ ಆರಿದ ಮ್ಯಾಲೆ ಅದರ ಸ್ಕ್ರೂ ಬಿಚ್ಚಿ, ಜಾಲರಿ ತಗದು ಹಿಂದಿನ ಮೈ ಹಲ್ಲುಜ್ಜೋ ಹಳೇ ಬ್ರಶ್ಶಿನಿಂದ ತಿಕ್ಕ್ರಿ. ಅಲ್ಲಿ ಏನೇನು ಕೂತಿರ್ತದಂದ್ರ, ನೋಡಿದ ಮ್ಯಾಲೆ ವಾರಕ್ಕೊಮ್ಮೆ ತಾನೇ ನೆನಪಾಗ್ತದ.

ಕೇಶ್ವಾಪುರ_58, ಹುಬ್ಬಳ್ಳಿ

ಸುಣ್ಣ, ಹುಳಿ ಎಲ್ಲಾ ಆತು. ಬ್ಯಾಕ್‌ಫ್ಲಶ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಸಪ್ತಾಪುರದವರ ಮಷಿನ್ನಿಗೆ ಅದು ಬ್ಯಾಡ. ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ (ಕಾಫಿ ನಿಂತ ಕೂಡ್ಲೇ ಉಳಿದ ಒತ್ತಡ ಹೊರಗ ಬಿಡೋ ಕರೆಂಟಿನ ವಾಲ್ವ್) ಇದ್ದೋರಿಗೆ ಮಾತ್ರ ಅದು.

ಇದೆಯೋ ಇಲ್ಲೋ ಅಂತ ತಿಳಿಯೋದು ಸುಲಭ. ಕಾಫಿ ನಿಲ್ಲಿಸಿದ ಕ್ಷಣ ಚುಸ್ಸ್ ಅಂತ ಸಪ್ಪಳಾಗಿ ಬೇರೊಂದು ಸಣ್ಣ ನಳಿಗೆಯಿಂದ ಕೆಳಗಿನ ತಟ್ಟಿಗೆ ಕಂದು ನೀರು ಬಿದ್ರ ವಾಲ್ವ್ ಅದ, ಪುಡಿ ಬಿಲ್ಲಿ ಒಣಗಿ ಬಿಸ್ಕೀಟಿನಂಗ ಕಳಚ್ತದ. ಗ್ಯಾಜಿಯಾ ಕ್ಲಾಸಿಕ್ ಅನ್ನೋ ಮಷಿನ್ ಅಂಥಾದ್ದು. ಸಪ್ಪಳ ಇಲ್ಲ, ಮೂತಿಯಿಂದ ಹನಿ ಬೀಳತಾನೇ ಇರ್ತದ, ಬಿಲ್ಲಿ ಕೆಸರಿನಂಗ ಇರ್ತದ ಅಂದ್ರ ವಾಲ್ವ್ ಇಲ್ಲ. ಇಲ್ಲದ ಮಷಿನ್ನಿಗೆ ತೂತಿಲ್ಲದ ಬಾಸ್ಕೆಟ್ ಹಾಕಿದ್ರ ಒತ್ತಡ ಹೋಗ್ಲಿಕ್ಕೆ ಎಲ್ಲೂ ಜಾಗ ಇಲ್ಲ. ಸಾಬೂನು ನೀರಿನ ಸಮೇತ ನಿಮ್ಮ ಮುಖಕ್ಕೇ ಬರ್ತದ. ಬ್ಯಾಕ್‌ಫ್ಲಶ್‌ಗೆ ಹಾಕೋ ಡಿಟರ್ಜೆಂಟ್ ಪುಡಿ ಕ್ಷಾರ, ಕಣ್ಣಿಗೆ ಭಾಳ ಕೆಟ್ಟದ್ದು.

ವಾಲ್ವ್ ಇದ್ದೋರಿಗೆ: ತೂತಿಲ್ಲದ ಬಾಸ್ಕೆಟ್ಟಿಗೆ 3 ಗ್ರಾಂ ಎಸ್‌ಪ್ರೆಸೊ ಡಿಟರ್ಜೆಂಟ್, 10 ಸೆಕೆಂಡ್ ಹಚ್ಚಿ 10 ಸೆಕೆಂಡ್ ಆರಿಸಿ, ಐದು ಸಲ. ಬಾಸ್ಕೆಟ್ ತೊಳದು ಬರೇ ನೀರಿನಿಂದ ಹತ್ತು ಸಲ. ದಿನಾ ಎರಡು ಕಪ್ಪಿಗೆ ತಿಂಗಳಿಗೊಮ್ಮೆ ಸಾಕು. ಹಿಡಿಕಿ ಅಲ್ಯುಮಿನಿಯಂದು ಇದ್ರ ಆ ದ್ರಾವಣದಾಗ ನೆನಿ ಹಾಕಬ್ಯಾಡ್ರಿ, ಕರ್ರಗಾಗ್ತದ.

ಸ್ಟೀಮ್ ಕೊಳವಿ ಬಗ್ಗೆ ಎರಡು ಮಾತು. ಹಾಲಿಗೆ ಅದ್ದೋ ಮುಂಚೆ ಎರಡು ಸೆಕೆಂಡ್ ಖಾಲಿ ಉಗಿ ಬಿಡ್ರಿ, ಒಳಗ ನಿಂತ ನೀರು ಹೋಗ್ತದ. 350 ಮಿಲಿ ಜಗ್ಗಿಗೆ 150 ಮಿಲಿ ಹಾಲು, ಫ್ರಿಜ್ಜಿನಿಂದ ತಗದದ್ದು. ಮೂತಿ ಮೇಲ್ಮೈಗೆ ತಾಗಿ ಚಸ್ ಚಸ್ ಅನ್ನಬೇಕು. ಜಗ್ಗು ಮೈ ಬೆಚ್ಚಗಾದ ಕೂಡ್ಲೇ ಮೂತಿ ಹಾಲಿನೊಳಗ ಇಳಿಸಿ ಸುಳಿ ತಿರುಗಸ್ರಿ. ಜಗ್ಗಿನ ತಳಕ್ಕ ಕೈ ಇಟ್ಟು ತಡಿಲಿಕ್ಕೆ ಆಗದಂಗ ಆದ್ರ 60 ಡಿಗ್ರಿ ಆತು, ಅಲ್ಲಿಗೆ ನಿಲ್ಲಸ್ರಿ. 70 ದಾಟಿದ್ರ ಹಾಲು ಸುಟ್ಟ ವಾಸನಿ. ಗೌಳಿಗರ ಮನಿಯ ಎಮ್ಮಿ ಹಾಲು ಇದ್ರ ಮೊದ್ಲ ಒಲಿ ಮ್ಯಾಲೆ ಕಾಯಿಸಿ ಆರಿಸಿ ಫ್ರಿಜ್ಜಿಗೆ ಇಡ್ರಿ. ಇಷ್ಟು ಸಣ್ಣ ಹೊತ್ತಿನ ಉಗಿ ಹಸಿ ಹಾಲನ್ನ ಕಾಯಿಸಿದ ಲೆಕ್ಕ ಆಗಂಗಿಲ್ಲ. ಪ್ಯಾಕೆಟ್ ಹಾಲಿಗೆ ಇದು ಬೇಕಾಗಿಲ್ಲ.

ಹಾಲು ಮುಗಿದ ಕ್ಷಣ ಹಸಿ ಅರಿವಿಯಿಂದ ಒರಸ್ರಿ, ಮತ್ತೊಮ್ಮೆ ಎರಡು ಸೆಕೆಂಡ್ ಉಗಿ ಬಿಡ್ರಿ. ನಮ್ಮ ಕಡೆಯ ವಿಶೇಷ ಒಂದದ: ನಡುವ ಕರೆಂಟ್ ಹೋದ್ರ ಮೊದ್ಲ ಜಗ್ಗು ಕೆಳಗಿಳಸ್ರಿ. ಬಾಯ್ಲರ್ ಆರತಿದ್ದಂಗ ಒಳಗ ನಿರ್ವಾತ ಆಗಿ ಹಾಲನ್ನ ಒಳಗ ಎಳ್ಕೋತದ. ಆಮ್ಯಾಲೆ ಮಷಿನ್ ಸ್ವಿಚ್ ಆರಿಸಿಬಿಡ್ರಿ. ಕರೆಂಟ್ ಬಂದಾಗ ನೀವು ಇನ್ನೊಂದು ಕೋಣಿಯೊಳಗ ಇರ್ತೀರಿ.

ಸುಟ್ಟರ: ಬಳಿ, ಉಂಗುರ ಬಾವು ಬರೋ ಮುಂಚೆ ತಗೀರಿ, ನಳದ ಕೆಳಗ ಹರಿಯೋ ತಣ್ಣೀರಿಗೆ 20 ನಿಮಿಷ. ಬರ್ಫ, ತುಪ್ಪ, ಟೂತ್‌ಪೇಸ್ಟ್, ಶಾಯಿ ಯಾವುದೂ ಬ್ಯಾಡ. ಮುಖ, ಕಣ್ಣು ಸುಟ್ಟಿದ್ರ ಅಥವಾ ಸುಟ್ಟ ಜಾಗ ಅಂಗೈಗಿಂತ ದೊಡ್ಡದಿದ್ರ ಸೀದಾ ದವಾಖಾನಿ.

ಸಪ್ತಾಪುರ_ಡಿಕಾಕ್ಷನ್, ಧಾರವಾಡ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಆದದ್ದು ಬರೀತೀನಿ.

ಮಿಕ್ಸಿ ಪಾಯಿಂಟ್ ಬಿಚ್ಚಿದ್ರ ಅರ್ಥ್ ಸ್ಕ್ರೂಗೆ ತಂತಿನೇ ಇರಲಿಲ್ಲ, ಫೇಸ್ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿತ್ತು. ಹೊಸಾ 16 ಆಂಪ್ ಪಾಯಿಂಟ್, ಹೊಸಾ ಪ್ಲಗ್ ಆತು. ಮೆಗ್ಗರ್ 40 ಮೆಗಾಓಮ್ ತೋರಿಸ್ತು, ಎಲಿಮೆಂಟ್ 39.5 ಓಮ್. ಜುಮ್ ಅನ್ನೋದು ಪೂರಾ ಹೋತು.

ಹನಿ ಲೆಕ್ಕ: ಬೋರ್ 26, ನಳ 7, ಆರ್‌ಒ 1. ಪಂಪು 30 ಸೆಕೆಂಡಿಗೆ 80 ಮಿಲಿ ಬರತಿತ್ತು, ಒಂದು ಸಲ ಹುಳಿ ನೀರು ಬಿಟ್ಟ ಮ್ಯಾಲೆ 130, ಮಾರನೇ ದಿನ ಇನ್ನೊಂದು ಸಲಕ್ಕ 165. ಜಾಲರಿ ಹಿಂದ ಅಕ್ಕಿನುಚ್ಚಿನಂಥ ಬಿಳಿ ಚೂರು. ಚುಸ್ಸ್ ಸಪ್ಪಳ ಇಲ್ಲ, ಅಂದ್ರ ವಾಲ್ವ್ ಇಲ್ಲ, ಬ್ಯಾಕ್‌ಫ್ಲಶ್ ಕೈಬಿಟ್ಟೆ. ಚಿಕೋರಿ ಇಲ್ಲದ ಪುಡಿ 14 ಗ್ರಾಂ, 27 ಸೆಕೆಂಡಿಗೆ 29 ಗ್ರಾಂ ಬಂತು, ಸಿಡಿತ ಇಲ್ಲ.

ಎರಡು ಪ್ರಶ್ನೆ ಉಳದಾವು. ನೀರು ಯಾವ ಅಳತಿಗೆ ಬೆರಸ್ಲಿ? ಮತ್ತ ಈಗ ಹಿಡಿಕಿ ಮೊದಲಿನಕಿಂತ ಬಲಕ್ಕ ಭಾಳ ಹೋಗಿ ಕೂಡ್ತದ, ಅಂಚಿನಿಂದ ಒಂದೆರಡು ಹನಿ ಸೋರತದ. ಇನ್ನೂ ಜೋರು ಬಿಗಿ ಮಾಡ್ಲ್ಯಾ?

ಬೆಟಗೇರಿ_ಹನಿಲೆಕ್ಕ, ಗದಗ

ನಳ 7 ಹನಿ ಅಂದ್ರ 125, ಆರ್‌ಒ 18. ಎರಡು ಲೋಟ ಆರ್‌ಒಗೆ ಒಂದು ಲೋಟ ನಳದ ನೀರು ಹಾಕಿದ್ರ 54ರ ಹತ್ತಿರ, ಸಮಸಮ ಹಾಕಿದ್ರ 71. ಎರಡಕ್ಕೊಂದು ಇಟ್ಕೊಳ್ರಿ. ನಳದ ನೀರು ರಾತ್ರಿ ಬಾಯಿ ತೆರದ ಪಾತ್ರಿಯೊಳಗ ಇಟ್ರ ಕ್ಲೋರಿನ್ ವಾಸನಿ ಹೋಗ್ತದ. ಬೇಸಿಗಿಗೊಮ್ಮೆ, ಮಳಿ ಹತ್ತಿದ ಮ್ಯಾಲೆ ಒಮ್ಮೆ ಹನಿ ಲೆಕ್ಕ ಮತ್ತ ಹಾಕ್ರಿ, ಹೊಳಿ ನೀರು ವರ್ಷವಿಡೀ ಒಂದೇ ಥರ ಇರಂಗಿಲ್ಲ. ಬೋರ್ 26 ಅಂದ್ರ 463, ಅದು ಗಿಡಕ್ಕಿರಲಿ. 30 ಸೆಕೆಂಡಿನ ಅಳತಿ ತಿಂಗಳಿಗೊಮ್ಮೆ ಕ್ಯಾಲೆಂಡರ್ ಮ್ಯಾಲೆ ಬರೀರಿ. 165 ಇದ್ದದ್ದು 140ಕ್ಕ ಇಳಿದ್ರ ಹುಳಿ ನೀರಿನ ಹೊತ್ತು ಬಂತು.

ಕೇಶ್ವಾಪುರ_58, ಹುಬ್ಬಳ್ಳಿ

ಜೋರು ಬಿಗಿ ಮಾಡಬ್ಯಾಡ್ರಿ, ಗ್ರೂಪ್ ಹೆಡ್ಡಿನ ಕಿವಿ ಸವೀತಾವು. ರಬ್ಬರ್ ಗ್ಯಾಸ್ಕೆಟ್ (ಸೋರದಂಗ ತಡಿಯೋ ಬಳಿ) ಬಿರುಸಾಗೇದ. ಉಗುರು ಒತ್ತಿ ನೋಡ್ರಿ, ಗುರ್ತು ಬಿದ್ದು ಮಾಯ ಆಗಬೇಕು. ಪ್ಲಾಸ್ಟಿಕ್ಕಿನಂಗ ಗಟ್ಟಿ ಇದ್ರ ಅದರ ಆಯುಷ್ಯ ಮುಗೀತು. ಮಷಿನ್ ತಣ್ಣಗಿದ್ದಾಗ, ಪ್ಲಗ್ ತಗದು, ಜಾಲರಿ ಬಿಚ್ಚಿ, ದಬ್ಬಣ ರಬ್ಬರಿಗೆ ಚುಚ್ಚಿ ಮೀಟಿ ತಗೀರಿ. ಲೋಹಕ್ಕ ಗೀರು ಬೀಳಬಾರದು. ಕುಣಿಯೊಳಗಿನ ಕರಿ ಮಸಿ ತಿಕ್ಕಿ ತಗದು ಹೊಸಾದು ಕೂಡಸ್ರಿ. ತರೋ ಮುಂಚೆ ಹಳೇದರ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಳದುಕೊಳ್ರಿ, 51ರ ಮಷಿನ್ ಅಂದಷ್ಟಕ್ಕೇ ಎಲ್ಲಾ ಒಂದೇ ಅಳತಿ ಇರಂಗಿಲ್ಲ. ಸಿಲಿಕೋನ್‌ದು ಸಿಕ್ರ ಅದೇ ತಗೊಳ್ರಿ. ರಬ್ಬರಿನದಕ್ಕ ಜಿಡ್ಡು ಹಚ್ಚೋದಿದ್ರ ಆಹಾರಕ್ಕ ನಡಿಯೋ ಸಿಲಿಕೋನ್ ಗ್ರೀಸ್ ಮಾತ್ರ, ವ್ಯಾಸಲಿನ್ ರಬ್ಬರನ್ನ ಉಬ್ಬಿಸಿ ಹಾಳು ಮಾಡ್ತದ. ರಾತ್ರಿ ಪೋರ್ಟಾಫಿಲ್ಟರ್ ಸಿಗಿಸಿ ಬಿಡಬ್ಯಾಡ್ರಿ, ಬಿಚ್ಚಿ ಪಕ್ಕಕ್ಕಿಡ್ರಿ. ಹೊಸಾ ಗ್ಯಾಸ್ಕೆಟ್ ಮೊದಲ ವಾರ ಹಿಡಿಕಿಯನ್ನ ಎಡಕ್ಕೇ ನಿಲ್ಲಿಸ್ತದ, ಅದು ಸಹಜ, ಒತ್ತಿ ಮುಂದ ತಳ್ಳಬ್ಯಾಡ್ರಿ.